ಊರಿನ ದಾರಿಗೆ ಮುಳ್ಳು ಹಾಕಿದರೆ ರೋಗ ನಿಲ್ಲುತ್ತದೆಯೇ?

ಓದುಗರ ಪ್ರಶ್ನೆಗಳಿಗೆ ರಾಯಚೂರಿನ ಸಮುದಾಯ ಆರೋಗ್ಯ ತಜ್ಞರೊಬ್ಬರ ಉತ್ತರ

ಎಲ್ಲಿಯೋ ಒಂದು ವೈರಸ್ ಕಾಣಿಸಿಕೊಂಡಿದೆ ಎಂಬ ಸುದ್ದಿ ಟಿವಿಯಲ್ಲಿ ಬಂದ ಮರುದಿನದಿಂದಲೇ ನನಗೆ ಬರುವ ಪ್ರಶ್ನೆಗಳು ಒಂದೇ ಬಗೆಯವಾಗಿಬಿಡುತ್ತವೆ. 2025ರ ಜನವರಿಯಲ್ಲಿ ಬೆಂಗಳೂರಿನ ಇಬ್ಬರು ಶಿಶುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗಲೂ ಹೀಗೆಯೇ ಆಯಿತು. ಅದು 2001ರಲ್ಲಿಯೇ ಗುರುತಿಸಲಾದ, ಮಕ್ಕಳಿಗೆ ನೆಗಡಿ ಕೆಮ್ಮು ತರುವ ಹಳೆಯ ವೈರಸ್ ಎಂದು ನಾನು ವಿವರಿಸಿ ಮುಗಿಸುವ ಮೊದಲೇ ಕಷಾಯದ ಪ್ರಮಾಣ ಎಷ್ಟು, ಯಾವ ಮಾತ್ರೆ ತಂದಿಟ್ಟುಕೊಳ್ಳಬೇಕು, ಹೊರಗಿನವರನ್ನು ಊರೊಳಗೆ ಬಿಡಬೇಕೇ ಎಂದು ಕೇಳುವವರು ಸಾಲುಗಟ್ಟಿದ್ದರು. ಕೋವಿಡ್ ಬಂದ 2020ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ನಾವು ನಡೆದುಕೊಂಡ ರೀತಿಯಿಂದ ಏನನ್ನು ಕಲಿಯಬೇಕಿತ್ತೋ ಅದನ್ನು ಇನ್ನೂ ಕಲಿತಿಲ್ಲವೆಂಬ ಸಂಕಟದಿಂದ ಈ ಉತ್ತರಗಳನ್ನು ಬರೆಯುತ್ತಿದ್ದೇನೆ. ಕೈ ತೊಳೆಯುವ ಕ್ರಮ, ಮಾಸ್ಕ್ ಧರಿಸುವ ಕ್ರಮಗಳನ್ನು ಇಲ್ಲಿ ಮತ್ತೆ ವಿವರಿಸುವುದಿಲ್ಲ.

ಪ್ರಶ್ನೆ: ನಮ್ಮ ರಾಯಚೂರಿನ ಬಿಸಿಲಿಗೆ ಯಾವ ವೈರಸ್ಸೂ ಉಳಿಯುವುದಿಲ್ಲ ಎನ್ನುತ್ತಾರೆ. ನಿಜವೇ?

ಹೊರಗೆ 43 ಡಿಗ್ರಿ ಇದ್ದರೂ ನಿಮ್ಮ ಶ್ವಾಸಕೋಶದೊಳಗೆ ಇರುವುದು 37 ಡಿಗ್ರಿಯೇ. ಕೋವಿಡ್‌ನ ಎರಡನೇ ಅಲೆ ನಮ್ಮ ಮೇಲೆ ಬಿದ್ದದ್ದು 2021ರ ಏಪ್ರಿಲ್ ಮತ್ತು ಮೇ ತಿಂಗಳ ಸುಡುಬಿಸಿಲಿನಲ್ಲಿಯೇ.

ಪ್ರಶ್ನೆ: ಹೊಸ ರೋಗ ಬಂದಾಗ ಕೋಳಿ ಮಾಂಸ ಬಿಡಬೇಕೇ?

ಚೆನ್ನಾಗಿ ಬೇಯಿಸಿ ತಿನ್ನಿ. 2020ರಲ್ಲಿ ಕೋಳಿಯಿಂದ ಕೋವಿಡ್ ಹರಡುತ್ತದೆಂಬ ವದಂತಿಯನ್ನು ನಂಬಿ ಜನ ಕೋಳಿ ಕೊಳ್ಳುವುದನ್ನೇ ಬಿಟ್ಟದ್ದರಿಂದ ನಮ್ಮ ರಾಜ್ಯದ ಸಾಕಣೆದಾರರು ಜೀವಂತ ಕೋಳಿಗಳನ್ನು ಗುಂಡಿಯಲ್ಲಿ ಹೂಳುವ ಸ್ಥಿತಿ ಬಂತು.

ಪ್ರಶ್ನೆ: 2020ರಲ್ಲಿ ನಮ್ಮೂರಿನ ಹಿರಿಯರು ಸೇರಿ ಊರಿನ ಎರಡೂ ದಾರಿಗೆ ಜಾಲಿಮುಳ್ಳು ಹಾಕಿಸಿ, ಬೆಂಗಳೂರು ಮತ್ತು ಮುಂಬಯಿಗೆ ಗುಳೆ ಹೋದವರು ಊರೊಳಗೆ ಬರದಂತೆ ಕಾವಲು ಕೂರಿಸಿದ್ದರು. ಹಿಂದೆ ಪ್ಲೇಗು ಬಂದಾಗಲೂ ಹಿರಿಯರು ಇಂತಹ ಕಟ್ಟುಪಾಡುಗಳನ್ನು ಮಾಡಿಯೇ ಊರನ್ನು ಉಳಿಸಿದರು ಎನ್ನುತ್ತಾರೆ. ಮತ್ತೊಂದು ರೋಗ ಬಂದರೆ ಹೀಗೆಯೇ ಮಾಡುವುದು ಸರಿಯಲ್ಲವೇ? (ಸಿಂಧನೂರು ತಾಲ್ಲೂಕಿನ ಓದುಗರು)

ಸರಿಯಲ್ಲ. ಲಿಂಗಸುಗೂರು, ಕುಷ್ಟಗಿ, ಸಿರುಗುಪ್ಪ ಕಡೆಯಿಂದಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಇದಕ್ಕೆ ವಿವರವಾಗಿಯೇ ಉತ್ತರಿಸುತ್ತೇನೆ.

ಗಡಿ ಮುಚ್ಚಿ ರೋಗವನ್ನು ತಡೆದ ಉದಾಹರಣೆಗಳು ಚರಿತ್ರೆಯಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾ ದ್ವೀಪಗಳು ಹಡಗುಗಳನ್ನು ಕಟ್ಟುನಿಟ್ಟಾಗಿ ತಡೆದವು. ಅಲ್ಲಿ ಆ ಜ್ವರದಿಂದ ಯಾರೂ ಸಾಯಲಿಲ್ಲ. ಪಕ್ಕದ ಪಶ್ಚಿಮ ಸಮೋವಾ ನ್ಯೂಜಿಲೆಂಡಿನಿಂದ ಬಂದ ಹಡಗೊಂದನ್ನು ದಡಕ್ಕೆ ಬಿಟ್ಟುಕೊಂಡಿತು. ಅಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ತೀರಿಕೊಂಡರು. ಆದರೆ ಅದು ಸುತ್ತಲೂ ಸಮುದ್ರವಿದ್ದ, ರೋಗ ಕಾಲಿಡುವ ಮೊದಲೇ ಬಾಗಿಲು ಹಾಕಿಕೊಂಡ ನಾಡು. ಸಿಂಧನೂರು ಮತ್ತು ಗಂಗಾವತಿಯ ಅಕ್ಕಿ ಗಿರಣಿಗಳಿಗೆ, ರಾಯಚೂರಿನ ಹತ್ತಿ ಮಾರುಕಟ್ಟೆಗೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹಗಲು ರಾತ್ರಿ ಲಾರಿಗಳು ಓಡಾಡುವ ಈ ಸೀಮೆಯಲ್ಲಿ, ಒಂದು ಹಳ್ಳಿ ತನ್ನ ಎರಡು ದಾರಿಗೆ ಮುಳ್ಳು ಹಾಕಿಕೊಂಡು ದ್ವೀಪವಾಗಲು ಸಾಧ್ಯವಿಲ್ಲ. ಹಾಲು, ಗೊಬ್ಬರ, ಕಿರಾಣಿ ಸಾಮಾನಿಗಾಗಿ ಬೆಳಿಗ್ಗೆ ಅದೇ ಮುಳ್ಳನ್ನು ಸರಿಸಿ ಊರಿನವರೇ ಹೊರಗೆ ಹೋಗಿ ಬರುತ್ತಿದ್ದರು. ತಡೆಯಲಾಗುತ್ತಿದ್ದದ್ದು ಗುಳೆಯಿಂದ ಮರಳಿದ ಬಡವರನ್ನು ಮಾತ್ರ.

ಇನ್ನು ಪ್ಲೇಗಿನ ಮಾತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಜನ ಮನೆ ಬಿಟ್ಟು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ವಾರಗಟ್ಟಲೆ ಅಲ್ಲಿಯೇ ಇರುತ್ತಿದ್ದರು. ಆ ರೋಗಕ್ಕೆ ಅದು ಸರಿಯಾದ ನಡೆಯೇ ಆಗಿತ್ತು, ಏಕೆಂದರೆ ಗಡ್ಡೆ ಪ್ಲೇಗು ಹರಡುವುದು ಸತ್ತ ಇಲಿಯ ಮೈಯಿಂದ ಮನುಷ್ಯನ ಮೈಗೆ ಜಿಗಿಯುವ ಚಿಗಟಗಳಿಂದ. ಇಲಿಗಳಿರುವ ಮನೆಯಿಂದ ದೂರ ಹೋದಷ್ಟೂ ಜೀವ ಉಳಿಯುತ್ತಿತ್ತು. ಕಾಲರಾ ಹರಡುವುದು ನೀರಿನಿಂದ, ಅಲ್ಲಿ ಕಾಯಬೇಕಾದದ್ದು ಬಾವಿಯನ್ನು. ಕೋವಿಡ್‌ನಂತಹ ಉಸಿರಿನ ರೋಗ ಹರಡುವುದು ಗಾಳಿಯಾಡದ ಕೋಣೆಯಲ್ಲಿ ಒಬ್ಬರ ಉಸಿರನ್ನು ಮತ್ತೊಬ್ಬರು ಎಳೆದುಕೊಳ್ಳುವುದರಿಂದ. ಹಿರಿಯರು ಮಾಡಿದ್ದನ್ನೇ ಮಾಡುತ್ತೇವೆ ಎನ್ನುವವರು ಹಿರಿಯರು ಯಾವ ರೋಗಕ್ಕೆ ಏನು ಮಾಡಿದರೆಂಬುದನ್ನು ಕೇಳಿ ತಿಳಿಯುವುದಿಲ್ಲ. ಊರಿನ ಮುಳ್ಳಿನ ಬಳಿ ಕಾವಲಿಗೆ ನಿಂತ ಯುವಕರು ಸಂಜೆ ಒಂದೇ ಮನೆಯ ಪಡಸಾಲೆಯಲ್ಲಿ ಬಾಗಿಲು ಹಾಕಿಕೊಂಡು ಇಸ್ಪೀಟು ಆಡುತ್ತಿದ್ದರು; ಅಪಾಯವಿದ್ದದ್ದು ಆ ಪಡಸಾಲೆಯಲ್ಲಿ.

ಮತ್ತೊಂದು ಸಂಗತಿಯನ್ನು ಜನ ಗಮನಿಸುವುದೇ ಇಲ್ಲ. ಕೋವಿಡ್ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಎರಡರಿಂದ ಹದಿನಾಲ್ಕು ದಿನ ಬೇಕಾಗುತ್ತಿತ್ತು, ಹೆಚ್ಚಿನವರಿಗೆ ಸುಮಾರು ಐದು ದಿನ; ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಅವರಿಂದ ಮತ್ತೊಬ್ಬರಿಗೆ ಹರಡುತ್ತಿತ್ತು. ಆದ್ದರಿಂದ ಊರಿನಲ್ಲಿ ಮೊದಲ ರೋಗಿ ಗೊತ್ತಾಗುವ ಹೊತ್ತಿಗೆ ಅದು ಒಳಗೆ ಬಂದು ಕೆಲವು ದಿನಗಳಾಗಿರುತ್ತಿತ್ತು. ಮುಖ ನೋಡಿ, ಹಣೆಗೆ ಉಷ್ಣಮಾಪಕ ಹಿಡಿದು ಇವರು ಒಳ್ಳೆಯವರು, ಇವರು ಅಪಾಯದವರು ಎಂದು ವಿಂಗಡಿಸುವ ಕಾವಲು ಈ ಕಾರಣಕ್ಕಾಗಿಯೇ ವ್ಯರ್ಥ.

ಈಗ ಗುಳೆಯವರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಅತ್ಯಂತ ನೋವು ತರುವ ಭಾಗ ಇದು. 2020ರ ಮೇ 1ರಂದು ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳೆರಡೂ ಹಸಿರು ವಲಯದಲ್ಲಿದ್ದವು, ಅಂದರೆ ಸೋಂಕು ಕಾಣದ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ಆ ತಿಂಗಳ ಮಧ್ಯದಿಂದ ಮಹಾರಾಷ್ಟ್ರದಿಂದ ಮರಳಿದ ಕೂಲಿಕಾರರಲ್ಲಿ ಸೋಂಕು ಪತ್ತೆಯಾಗತೊಡಗಿತು, ದೇವದುರ್ಗ ತಾಲ್ಲೂಕಿನ ಹೆಸರು ದಿನವೂ ಸುದ್ದಿಯಲ್ಲಿತ್ತು. ಕೂಡಲೇ ಅವರೇ ರೋಗ ತಂದವರು ಎಂಬ ಮಾತು ಹಬ್ಬಿತು. ಅವರಲ್ಲಿ ಸೋಂಕು ಗೊತ್ತಾದದ್ದು ಅವರನ್ನು ಶಾಲೆ ಮತ್ತು ಹಾಸ್ಟೆಲ್ಲುಗಳಲ್ಲಿ ಇರಿಸಿ ಪರೀಕ್ಷೆ ಮಾಡಿದ್ದರಿಂದ. ಇಂಥವರು ಬಂದಿದ್ದಾರೆ, ಇಲ್ಲಿ ಇದ್ದಾರೆ, ಇವರ ಊಟ ಇಲ್ಲಿಂದ ಬರುತ್ತದೆ ಎಂದು ಗೊತ್ತಿದ್ದಾಗ ರೋಗವನ್ನು ಹಿಡಿಯಬಹುದು. ಮುಳ್ಳು ಕಂಡು ಹೆದರಿ, ಕಾಲುವೆ ದಂಡೆ ಹಿಡಿದು ಕತ್ತಲಲ್ಲಿ ಮನೆ ಸೇರಿಕೊಂಡವರ ವಿಷಯ ಆಶಾ ಕಾರ್ಯಕರ್ತೆಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಅವರ ಮನೆಯ ಮುದುಕರಿಗೆ ಉಸಿರು ಕಟ್ಟಿದ ಮೇಲೆಯೇ ನಮಗೆ ಆ ಮನೆಯ ವಿಳಾಸ ಸಿಕ್ಕಿತು.

ಬಚ್ಚಿಡುವ ಗುಣ ಜನರಲ್ಲಿ ತಾನಾಗಿ ಹುಟ್ಟುವುದಿಲ್ಲ, ಅವಮಾನ ಅದನ್ನು ಹುಟ್ಟಿಸುತ್ತದೆ. 1897ರಲ್ಲಿ ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ಪ್ಲೇಗಿನ ರೋಗಿಗಳನ್ನು ಎಳೆದೊಯ್ಯತೊಡಗಿದಾಗ ಜನ ರೋಗಿಗಳನ್ನು ಅಡಗಿಸಿಟ್ಟರು, ಸತ್ತವರನ್ನೂ ಅಡಗಿಸಿಟ್ಟರು; ಆ ವರ್ಷದ ಜೂನ್‌ನಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರುವವರೆಗೆ ಆ ಕೋಪ ಬೆಳೆಯಿತು. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನೇ ಬಹಿರಂಗಪಡಿಸಲಾಯಿತು, ಬಾಗಿಲಿಗೆ ಚೀಟಿ ಅಂಟಿಸಲಾಯಿತು. ಅಂತಹ ಮನೆಯವರಿಗೆ ಕಿರಾಣಿ ಕೊಡದವರು, ನಲ್ಲಿಯ ಸರದಿಯಲ್ಲಿ ನಿಲ್ಲಗೊಡದವರು ಇದ್ದರು. ಅದನ್ನು ನೋಡಿದ ನೆರೆಮನೆಯವನು ತನಗೆ ಜ್ವರ ಬಂದಾಗ ಯಾರಿಗಾದರೂ ಹೇಳಿಯಾನೇ? ಕೋವಿಡ್‌ನಲ್ಲಿ ಉಸಿರಾಟ ಹದಗೆಡುತ್ತಿದ್ದದ್ದು ಹೆಚ್ಚಾಗಿ ಜ್ವರ ಶುರುವಾದ ಏಳನೆಯ ದಿನದಿಂದ ಹತ್ತನೆಯ ದಿನದೊಳಗೆ. ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಶೇಕಡ 94ಕ್ಕಿಂತ ಕೆಳಗಿಳಿದರೂ ಕೆಲವರಿಗೆ ದಮ್ಮು ಹತ್ತಿದ ಅನುಭವವೇ ಆಗುತ್ತಿರಲಿಲ್ಲ. ಆ ನಾಲ್ಕು ದಿನಗಳನ್ನು ಜನ ಏನೆಂದುಕೊಳ್ಳುತ್ತಾರೋ ಎಂಬ ಹೆದರಿಕೆಯಲ್ಲಿ ಮನೆಯೊಳಗೆ ಕಳೆದವರು ಆಸ್ಪತ್ರೆಗೆ ಬಂದಾಗ ನಮ್ಮ ಕೈಯಲ್ಲಿ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

ಮುಳ್ಳಿನಿಂದ ತಡೆಯಲ್ಪಟ್ಟವರಲ್ಲಿ 108 ಆಂಬುಲೆನ್ಸ್ ಕೂಡ ಸೇರಿತ್ತು ಎಂಬುದನ್ನು ಕಾವಲು ಕೂರಿಸಿದ ಹಿರಿಯರು ನೆನಪಿಟ್ಟುಕೊಳ್ಳಬೇಕು. ಹೆರಿಗೆ ನೋವಿನ ಹೆಣ್ಣುಮಕ್ಕಳಿಗೆ, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಜಿಲ್ಲಾ ಕೇಂದ್ರಕ್ಕೆ ಬರಬೇಕಾದವರಿಗೆ, ಕ್ಷಯದ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದವರಿಗೆ ಆ ದಾರಿಯ ಹೊರತು ಬೇರೆ ದಾರಿ ಇರಲಿಲ್ಲ.

ಹಾಗಾದರೆ ಏನು ಮಾಡಬೇಕೆಂದು ನೀವು ಕೇಳಬಹುದು. ಹೊರಗಿನಿಂದ ಬಂದವರನ್ನು ಊರಿನ ಶಾಲೆಯಲ್ಲಿ, ಎಲ್ಲ ಕಿಟಕಿಗಳನ್ನು ತೆರೆದು, ಕುಟುಂಬಕ್ಕೊಂದು ಕೋಣೆಯಂತೆ ಇರಿಸಿ. ಎಷ್ಟು ದಿನ ಎಂಬುದನ್ನು ಆ ರೋಗದ ಸ್ವಭಾವ ತಿಳಿದ ಆರೋಗ್ಯ ಇಲಾಖೆ ಹೇಳಲಿ, ಊರಿನ ಪಂಚಾಯಿತಿ ಕಟ್ಟೆ ನಿರ್ಧರಿಸುವುದು ಬೇಡ. ಅವರ ಊಟ, ನೀರು, ಶೌಚಾಲಯದ ಹೊಣೆಯನ್ನು ಗ್ರಾಮ ಪಂಚಾಯಿತಿ ಹೊರಬೇಕು. ಶೌಚಾಲಯವಿಲ್ಲದ ಶಾಲೆಯಲ್ಲಿ ಹೆಣ್ಣುಮಕ್ಕಳನ್ನು ಕೂಡಿಹಾಕಿದರೆ ಅವರು ಮೊದಲ ರಾತ್ರಿಯೇ ತಪ್ಪಿಸಿಕೊಂಡು ಹೋಗುತ್ತಾರೆ, ಅದು ಅವರ ತಪ್ಪಲ್ಲ. ತಾಂಡಾಗಳಿಂದ ಗುಳೆ ಹೋಗಿ ಬಂದ ಕುಟುಂಬ ದಿನದ ಕೂಲಿಯಿಂದ ಬದುಕುವಂಥದ್ದು. ಹದಿನಾಲ್ಕು ದಿನ ದುಡಿಮೆ ಇಲ್ಲದಿದ್ದರೆ ಒಲೆ ಹತ್ತುವುದಿಲ್ಲ, ಆದ್ದರಿಂದ ಅವರ ಮನೆಯಲ್ಲಿ ಉಳಿದವರಿಗೂ ರೇಷನ್ ಮುಟ್ಟಿಸಬೇಕು. ಆಶಾ ಕಾರ್ಯಕರ್ತೆ ಬಂದಾಗ ಬಾಗಿಲು ಮುಚ್ಚಬೇಡಿ, ಅವಳ ಕೈಯ ಪುಸ್ತಕ ಕಿತ್ತುಕೊಳ್ಳಬೇಡಿ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗ ಕಾಯ್ದೆಯನ್ನು ತಿದ್ದಿ, ಆರೋಗ್ಯ ಸಿಬ್ಬಂದಿಗೆ ತೀವ್ರ ಗಾಯ ಮಾಡಿದವರಿಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸಬೇಕಾಗಿ ಬಂದದ್ದು ನಮಗೆಲ್ಲ ತಲೆತಗ್ಗಿಸುವ ವಿಷಯ. ಕಾವಲಿಗೆ ನಿಲ್ಲುವಷ್ಟು ಉತ್ಸಾಹವಿರುವ ಯುವಕರು ಶಾಲೆಗೆ ಊಟ ಒಯ್ಯಲಿ, ಕಿಟಕಿಯ ಹೊರಗೆ ನಿಂತು ಜ್ವರವಿದೆಯೇ, ನಡೆದರೆ ದಮ್ಮು ಬರುತ್ತದೆಯೇ ಎಂದು ದಿನವೂ ಕೇಳಿ ಆಶಾಳಿಗೆ ತಿಳಿಸಲಿ.

ಪ್ರಶ್ನೆ: ಮರಳಿ ಬಂದವರ ಮೈಮೇಲೆ ಔಷಧ ಸಿಂಪಡಿಸಿ ಒಳಗೆ ಬಿಟ್ಟರೆ ಸಾಕಲ್ಲವೇ?

ಹೊಲಕ್ಕೆ ಹೊಡೆಯುವ ಪಂಪಿನಿಂದ ಮನುಷ್ಯರ ಮೇಲೆ ಬ್ಲೀಚಿಂಗ್ ನೀರು ಹೊಡೆಯುವುದು ಅಮಾನುಷ. ಶ್ವಾಸಕೋಶದೊಳಗಿನ ವೈರಸ್ ಅದರಿಂದ ಸಾಯುವುದಿಲ್ಲ, ಕಣ್ಣು ಮತ್ತು ಚರ್ಮ ಸುಡುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲಿಯೇ ಇದನ್ನು ಮಾಡಬಾರದೆಂದು ಹೇಳಿದೆ.

ಪ್ರಶ್ನೆ: ನಮ್ಮೂರಿನ ಆರ್‌ಎಂಪಿ ಡಾಕ್ಟರು ಒಂದು ಸೂಜಿ ಮಾಡಿ, ಗ್ಲೂಕೋಸ್ ಬಾಟಲಿ ಹಾಕಿದರೆ ಜ್ವರ ಅಂದೇ ಇಳಿಯುತ್ತದೆ. ದೊಡ್ಡಾಸ್ಪತ್ರೆಗೆ ಏಕೆ ಹೋಗಬೇಕು?

ಆ ಸೂಜಿಯಲ್ಲಿ ಏನಿದೆಯೆಂದು ಅವರನ್ನು ಕೇಳಿ. ಬಹಳ ಸಲ ಅದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ ತೋರಿಸಿದ್ದು ಇಷ್ಟು: ಆಮ್ಲಜನಕ ಅಥವಾ ವೆಂಟಿಲೇಟರ್ ಬೇಕಾದ ಕೋವಿಡ್ ರೋಗಿಗಳಲ್ಲಿ ಈ ಔಷಧದಿಂದ ಸಾವು ಕಡಿಮೆಯಾಯಿತು, ಆಮ್ಲಜನಕ ಬೇಕಿಲ್ಲದವರಿಗೆ ಯಾವ ಪ್ರಯೋಜನವೂ ಆಗಲಿಲ್ಲ. ಜ್ವರ ಬಂದ ಮೊದಲ ದಿನವೇ ಇದನ್ನು ಚುಚ್ಚಿದರೆ ಜ್ವರ ಇಳಿದಂತೆ ಕಾಣುತ್ತದೆ, ಮೈ ಹಗುರವಾಗುತ್ತದೆ, ದೇಹದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಸಕ್ಕರೆ ಕಾಯಿಲೆಯವರ ಸಕ್ಕರೆ ಏರಿ ನಿಲ್ಲುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಎಂದು ಎಲ್ಲರೂ ಹೆದರಿದ ಮ್ಯೂಕರ್ ರೋಗದಲ್ಲಿ ಕಣ್ಣು ಮತ್ತು ದವಡೆ ಕಳೆದುಕೊಂಡವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ಪಡೆದವರು. ಓದದೆ ವೈದ್ಯ ಮಾಡುವವರು ರಾತ್ರಿ ಹೊತ್ತಿನಲ್ಲಿಯೂ ಬಾಗಿಲು ತೆರೆಯುತ್ತಾರೆ, ಸಾಲವಾಗಿಯೂ ಔಷಧ ಕೊಡುತ್ತಾರೆ ಎಂಬುದು ನನಗೆ ಗೊತ್ತು. ಜನ ಅವರ ಬಳಿ ಏಕೆ ಹೋಗುತ್ತಾರೆಂದೂ ಗೊತ್ತು. ಆದರೂ ಅವರ ಸೂಜಿಯನ್ನು ನಾನು ಕ್ಷಮಿಸಲಾರೆ.

ಪ್ರಶ್ನೆ: ಶವದಿಂದ ರೋಗ ಹರಡುತ್ತದೆಂದು ಸಂಬಂಧಿಕರ ಅಂತ್ಯಕ್ರಿಯೆಗೂ ನಾವು ಹೋಗಲಿಲ್ಲ. ಅದು ಸರಿಯಾಗಿತ್ತೇ? (ಬಳ್ಳಾರಿಯ ಓದುಗರು)

ಎಬೋಲಾದಂತಹ ರೋಗದಲ್ಲಿ ಶವವನ್ನು ಮುಟ್ಟುವುದು ಅತ್ಯಂತ ಅಪಾಯಕಾರಿ. ಕೋವಿಡ್ ಹರಡುತ್ತಿದ್ದದ್ದು ಮುಖ್ಯವಾಗಿ ಉಸಿರಿನಿಂದ, ಸತ್ತವರು ಉಸಿರಾಡುವುದಿಲ್ಲ; ಶವವನ್ನು ಚೀಲದಲ್ಲಿ ಸುತ್ತಿ, ಕೈಗವಸು ಮತ್ತು ಮಾಸ್ಕ್ ಧರಿಸಿ, ಕೆಲವೇ ಜನ ದೂರ ನಿಂತು ಗೌರವದಿಂದ ಮಣ್ಣು ಮಾಡಬಹುದಿತ್ತು. ಅಲ್ಲಿ ಸೇರುವ ಜೀವಂತ ಜನರ ಗುಂಪೇ ಹೆಚ್ಚಿನ ಅಪಾಯವಾಗಿತ್ತು. 2020ರ ಜೂನ್ ಕೊನೆಯಲ್ಲಿ ನಿಮ್ಮ ಜಿಲ್ಲೆಯಲ್ಲಿ ಶವಗಳನ್ನು ಒಂದೇ ಗುಂಡಿಗೆ ಎಸೆದ ದೃಶ್ಯ ದೇಶವೆಲ್ಲ ಹರಡಿ, ಜಿಲ್ಲಾಡಳಿತ ಕ್ಷಮೆ ಕೇಳಬೇಕಾಯಿತು. ಆ ದೃಶ್ಯ ಕಂಡ ಅನೇಕರು ತಮ್ಮ ಮನೆಯ ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದಕ್ಕೇ ಹಿಂಜರಿದರು.

ಪ್ರಶ್ನೆ: ಮುಂದಿನ ರೋಗಕ್ಕೆ ಈಗಲೇ ಯಾವ ಮಾತ್ರೆಗಳನ್ನು ತಂದಿಟ್ಟುಕೊಳ್ಳಲಿ?

2020ರ ಮಾರ್ಚ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಜನ ಕಂಡಕಂಡಲ್ಲಿ ಕೊಂಡು ಬಚ್ಚಿಟ್ಟದ್ದರಿಂದ, ಅದನ್ನೇ ನಂಬಿ ಬದುಕುವ ಲೂಪಸ್ ಮತ್ತು ಕೀಲುವಾತದ ರೋಗಿಗಳು ಅಂಗಡಿಯಿಂದ ಅಂಗಡಿಗೆ ಅಲೆದರು. ಆ ಮಾತ್ರೆ ಕೋವಿಡ್ ರೋಗಿಗಳ ಸಾವನ್ನು ತಡೆಯುವುದಿಲ್ಲವೆಂದು ಜೂನ್ ಹೊತ್ತಿಗೆ ತಿಳಿಯಿತು. ನಿಮ್ಮ ಮನೆಯಲ್ಲಿ ಇರಬೇಕಾದದ್ದು ಒಂದು ಪಟ್ಟಿ ಪ್ಯಾರಾಸಿಟಮಾಲ್, ಒಂದು ಥರ್ಮಾಮೀಟರ್, ಮತ್ತು ಬಿಪಿ, ಶುಗರ್ ಇರುವವರಿಗೆ ಅವರ ನಿತ್ಯದ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟು.