ಆ ಆರೆಂಜ್ ಡಬ್ಬಿ ತಂದವರು ಯಾರು?

ಭೇದಿಯಾದ ಮಗುವಿಗೆ ಹಾಲು ಕುಡಿಸಿದ್ದಕ್ಕೆ ಮನೆಯಲ್ಲಿ ಕಳ್ಳಿ ಅನ್ನಿಸಿಕೊಂಡೆ ಎಂದು ದಾವಣಗೆರೆ ಕಡೆಯ ಒಬ್ಬ ತಾಯಿ ಬರೆದಿದ್ದಾರೆ. ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಮಗುವಿಗೆ ಒಂದೂವರೆ ವರ್ಷ. ಹೋದ ತಿಂಗಳು ವಾಂತಿ ಶುರುವಾಗಿ ಮಾರನೇ ದಿನ ನೀರು ನೀರಾಗಿ ಭೇದಿ. "ಹೊಟ್ಟೆ ಖಾಲಿ ಬಿಟ್ಟರೆ ತಾನೇ ನಿಲ್ಲುತ್ತೆ, ಹಾಲು ಮುಟ್ಟಿಸಬೇಡ" ಅಂದ ಅತ್ತೆ ಬರೀ ಗಂಜಿ ತಿಳಿ ಕೊಡಿಸಿದರು. ಮಗು ಹಸಿದು ಅತ್ತಾಗ ಈಕೆ ರಾತ್ರಿ ಚಿಲಕ ಹಾಕಿಕೊಂಡು ಎದೆಹಾಲು ಕೊಟ್ಟರು, ಮೂರನೇ ರಾತ್ರಿ ಸಿಕ್ಕಿಬಿದ್ದರು. ಭೇದಿ ಐದು ದಿನ ಎಳೆದದ್ದಕ್ಕೆ "ಅವಳ ಹಾಲೇ ಕಾರಣ" ಎಂಬ ಮಾತು ಬೀಗರ ಮನೆಯವರೆಗೂ ಹೋಗಿದೆ. ಮಗು ಈಗ ಆಡಿಕೊಂಡಿದೆ, ಆದರೆ ಸೊರಗಿದೆ. ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ. "ನಾನು ಮಾಡಿದ್ದು ತಪ್ಪಾ ಮೇಡಂ? ಬೇರೆ ಮನೆ ಮಾಡಿಬಿಡಲಾ?"

ತಪ್ಪಲ್ಲ ತಾಯಿ. ಎದೆಹಾಲು ಭೇದಿಯನ್ನು ಹೆಚ್ಚಿಸುವುದಿಲ್ಲ. ಭೇದಿಯಾದಾಗ ಅದನ್ನು ನಿಲ್ಲಿಸಬಾರದು, ಸಾಧ್ಯವಾದರೆ ಇನ್ನೂ ಹೆಚ್ಚು ಸಲ ಕೊಡಬೇಕು ಎನ್ನುತ್ತಾರೆ ಮಕ್ಕಳ ಡಾಕ್ಟರುಗಳು. ನೀವು ಚಿಲಕ ಹಾಕಿಕೊಳ್ಳಬೇಕಾಗಿ ಬಂತಲ್ಲ, ನನ್ನ ಸಂಕಟ ಅದಕ್ಕೆ.

ಆದರೆ ನಿಮ್ಮ ಪತ್ರದ ಎರಡನೇ ಪುಟದಲ್ಲಿ, ಅತ್ತೆಯ ಮಾತುಗಳ ನಡುವೆ, ನೀವು ಹೀಗೆ ಬರೆದು ಮುಂದೆ ಹೋಗಿದ್ದೀರಿ: "ನಮ್ಮ ಮನೆಯವರು ಇದರಲ್ಲೆಲ್ಲ ತಲೆ ಹಾಕಲ್ಲ. ಮೆಡಿಕಲ್‌ನಿಂದ ಓಆರ್‌ಎಸ್ ತಂದುಕೊಟ್ಟಿದ್ದರು, ಆರೆಂಜ್ ಟೇಸ್ಟಿನ ಡಬ್ಬಿ, ಅಂಗಡಿಯವನು ಇದೂ ಅದೇ ಅಂದನಂತೆ. ಮಗು ಇಷ್ಟಪಟ್ಟು ದಿನಕ್ಕೆ ಮೂರು ಕುಡಿಯುತ್ತಿತ್ತು."

ಅದು ಅದೇ ಅಲ್ಲ. ನಿಮ್ಮ ಮನೆಯ ಜಗಳದಲ್ಲಿ ಹಾಲಿನ ಮೇಲೆ ಮಾತು ಬಂತು, ಗಂಜಿಯ ಮೇಲೆ ಮಾತು ಬಂತು. ಆ ಡಬ್ಬಿಯ ಬಗ್ಗೆ ಯಾರೂ ಕೇಳಲೇ ಇಲ್ಲ.

ಭೇದಿಯಲ್ಲಿ ಮೈಯಿಂದ ಹೋದ ನೀರು, ಉಪ್ಪನ್ನು ತುಂಬಿಕೊಡಲು ಕುಡಿಸುವ ನಿಜವಾದ ಓಆರ್‌ಎಸ್‌ನಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತವೆ. ಈ ಲೆಕ್ಕಕ್ಕೆ ಕಾರಣವಿದೆ. ಕರುಳಿನಲ್ಲಿ ಉಪ್ಪು ಮತ್ತು ಗ್ಲೂಕೋಸ್ ಒಟ್ಟಿಗೆ ಒಳಗೆ ಹೋಗುತ್ತವೆ, ಹೋಗುವಾಗ ನೀರನ್ನೂ ಎಳೆದುಕೊಳ್ಳುತ್ತವೆ. ಸಕ್ಕರೆ ಮಿತಿ ಮೀರಿದರೆ ನಡೆಯುವುದು ಇದರ ಉಲ್ಟಾ: ಹೀರಿಕೊಳ್ಳಲಾಗದ ಸಕ್ಕರೆ ಕರುಳಲ್ಲೇ ಉಳಿದು ಮೈಯ ನೀರನ್ನೇ ಅಲ್ಲಿಗೆ ಎಳೆಯುತ್ತದೆ, ಭೇದಿ ಜಾಸ್ತಿಯಾಗುತ್ತದೆ. ಡಬ್ಬಿಯ ಸಿಹಿ ಪಾನೀಯಗಳಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಈ ಒಂದೇ ವಿಷಯ ಹಿಡಿದು ವರ್ಷಗಟ್ಟಲೆ ಹೋರಾಡಿದರು. ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಮಾತೇ ಇರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು. ಹೆಸರು ಹೋದರೂ ಅಂಗಡಿಯವನ ಬಾಯಲ್ಲಿ "ಇದೂ ಅದೇ" ಉಳಿದುಕೊಂಡಿದೆ. ಐದು ದಿನ ಭೇದಿ ಎಳೆದದ್ದಕ್ಕೆ ಕಾರಣ ಹುಡುಕುವುದಾದರೆ ನಾನು ಮೊದಲು ಆ ಡಬ್ಬಿಗಳನ್ನೇ ನೋಡುತ್ತೇನೆ.

ನಿಮ್ಮ ಅತ್ತೆಯ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ. ಅವರು ಮಕ್ಕಳು ಸಾಕಿದ ಕಾಲದಲ್ಲಿ ಎಷ್ಟೋ ಡಾಕ್ಟರುಗಳೇ ಹೊಟ್ಟೆಗೆ ವಿಶ್ರಾಂತಿ ಕೊಡಿ ಅನ್ನುತ್ತಿದ್ದರು. ಅವರ ಗಂಜಿಯೂ ತಪ್ಪಲ್ಲ. ಚಿಟಿಕೆ ಉಪ್ಪು ಹಾಕಿದ ಅಕ್ಕಿ ಗಂಜಿಯನ್ನು, ಉಪ್ಪು ಹಾಕಿದ ಮಜ್ಜಿಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಭೇದಿಯಲ್ಲಿ ಕೊಡಿ ಎನ್ನುತ್ತದೆ. ತಪ್ಪಾದದ್ದು "ಬರೀ" ಅನ್ನುವುದರಲ್ಲಿ. ಭೇದಿಯ ನಡುವೆಯೂ ಕರುಳು ತಿಂದದ್ದರಲ್ಲಿ ಬಹುಪಾಲು ಹೀರಿಕೊಳ್ಳುತ್ತದೆ, ಆದ್ದರಿಂದ ಮೆತ್ತಗೆ ಹಿಸುಕಿದ ಮೊಸರನ್ನ, ಬೇಳೆಕಟ್ಟು ಅನ್ನ, ಇಡ್ಲಿ, ಬಾಳೆಹಣ್ಣು, ಎರಡೆರಡು ತುತ್ತಾದರೂ ಸರಿ, ಮೂರು ನಾಲ್ಕು ಗಂಟೆಗೊಮ್ಮೆ ಕೊಡುತ್ತಲೇ ಇರಬೇಕು. ಮಗು ಮುಖ ತಿರುಗಿಸಿದರೆ ಬಲವಂತ ಬೇಡ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡಿ. ಎಂಟು ದಿನ ಗಂಜಿ ತಿಳಿಯಲ್ಲೇ ಇಟ್ಟ ಮಕ್ಕಳು ಸೊರಗಿ ಮುಂದಿನ ಭೇದಿಗೆ ಸುಲಭವಾಗಿ ಸಿಗುತ್ತವೆ.

ನನ್ನ ಸಿಟ್ಟೆಲ್ಲ "ತಲೆ ಹಾಕಲ್ಲ" ಅನ್ನುವ ನಿಮ್ಮ ಯಜಮಾನರ ಮೇಲೆ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಅತ್ತೆ ಸೊಸೆ ಜಗಳ ಅನ್ನಿಸಿಕೊಳ್ಳುವ ಅರ್ಧಕ್ಕರ್ಧ ಜಗಳಗಳು ಮಗನಾದವನು ಒಂದು ಮಾತು ಆಡದೆ ಹೋದದ್ದರಿಂದ ಹುಟ್ಟುತ್ತವೆ. ಅಮ್ಮನಿಗೆ ಡಾಕ್ಟರ್ ಹತ್ತಿರ ಕೇಳೋಣ ಬಾ ಅನ್ನಲು ಅವರಿಗೆ ಐದು ನಿಮಿಷ ಸಾಕಿತ್ತು. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು, ಅಂದರೆ ಓಆರ್‌ಎಸ್ ಅನ್ನೇ, ಡ್ರಮ್ಮುಗಳಲ್ಲಿ ತುಂಬಿಟ್ಟರು. ಅದನ್ನು ಮೊಗೆದು ಕುಡಿಸಿದವರು ರೋಗಿಗಳ ಮನೆಯವರೇ. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಮಗುವಿನ ಬಾಯಿಗೆ ಚಮಚ ಹಿಡಿಯುವುದು ಹೆಂಗಸರ ಕೆಲಸ ಅಂತ ಬಿಟ್ಟು ಹೋಗುವ ಗಂಡಸರಿಗೆ ಇದು ಗೊತ್ತಿರಲಿ.

ಬೇರೆ ಮನೆಯ ವಿಚಾರ ಈಗ ಬೇಡ. ಅಲ್ಲಿ ಅತ್ತೆ ಇರುವುದಿಲ್ಲ, ಆದರೆ ಮಗು ಹುಷಾರು ತಪ್ಪಿದ ದಿನ ನಿಮ್ಮ ಜೊತೆ ನಿಲ್ಲದ ಗಂಡ ಇರುತ್ತಾರೆ.

ನೀವು ಮಾಡಬೇಕಾದ್ದು ಒಂದೇ. ನನ್ನ ಈ ಉತ್ತರವನ್ನು ನಿಮ್ಮ ಯಜಮಾನರ ಕೈಗೆ ಕೊಡಿ. ಈ ಭಾನುವಾರದೊಳಗೆ ಅವರೇ ಹೋಗಿ ಆಶಾ ಕಾರ್ಯಕರ್ತೆಯ ಹತ್ತಿರವೋ ಆರೋಗ್ಯ ಕೇಂದ್ರದಲ್ಲೋ ಪುಡಿಯ ಓಆರ್‌ಎಸ್ ಪ್ಯಾಕೆಟ್ ತರಲಿ, ದುಡ್ಡು ಕೊಡಬೇಕಿಲ್ಲ. ಒಂದನ್ನು ಅಮ್ಮನ ಎದುರು ಕೂತು ಅವರೇ ಕಲಸಲಿ: ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಪ್ಯಾಕೆಟ್, ಅರ್ಧ ಲೋಟಕ್ಕೆ ಒಂದು ಚಮಚ ಅನ್ನುವ ಅಂದಾಜು ಬೇಡ. ಸಣ್ಣದಾದರೆ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು, ಸಾಮಾನ್ಯವಾಗಿ 200 ಮಿ.ಲೀ. ಅತ್ತೆಯವರು ಒಂದು ಗುಟುಕು ರುಚಿ ನೋಡಲಿ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಮತ್ತೆ ಯಾವತ್ತಾದರೂ ಭೇದಿಯಾದರೆ ಪ್ರತಿ ಸಲ ಆದಮೇಲೂ 50ರಿಂದ 100 ಮಿ.ಲೀ., ಚಮಚ ಚಮಚವಾಗಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ ಹೊಸದು ಮಾಡಿ. ಸತುವಿನ (ಜಿಂಕ್) ಮಾತ್ರೆಯನ್ನು ಡಾಕ್ಟರ್ ಕೊಟ್ಟರೆ ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ಭೇದಿ ಕಟ್ಟುವ ಮಾತ್ರೆಯನ್ನು ಅಂಗಡಿಯಿಂದ ತರಬೇಡಿ, ಪುಟ್ಟ ಮಕ್ಕಳಿಗೆ ಅದು ಅಪಾಯ. ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಮಂಕಾಗಿ ಮಲಗಿದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ಯಾರ ಮಾತಿಗೂ ಕಾಯದೆ ಆಸ್ಪತ್ರೆಗೆ ಹೊರಡಿ.

ಮಗು ಈಗ ಸೊರಗಿದೆ ಅಂದಿರಲ್ಲ, ಇನ್ನು ಎರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ ಕೊಡಿ. ಆ ಒಂದು ಊಟವನ್ನು ಅತ್ತೆಯ ಕೈಯಲ್ಲೇ ತಿನ್ನಿಸಿ.