ಸಣ್ಣ ಕಂಪನೀಲಿ ಅಗೈಲ್ ತರೋದಾದ್ರೆ ಎಲ್ಲಿಂದ ಶುರು ಮಾಡ್ಬೇಕು?

ನೀವು ಕೇಳಿರೋದು ಇಷ್ಟು: ಕುಶಾಲನಗರದಲ್ಲಿ ಒಂಬತ್ತು ಜನರ ಕಂಪನಿ, ಕಾಫಿ ತೋಟಗಳಿಗೆ ಲೆಕ್ಕ ಬರೆಯೋ ಆಪ್ ಮಾಡ್ತೀರಿ, ಓನರ್ ಅಗೈಲ್ (ಸಾಫ್ಟ್‌ವೇರನ್ನ ಸಣ್ಣ ಸಣ್ಣ ತುಂಡಲ್ಲಿ ಮಾಡಿ, ಬಳಸೋರಿಗೆ ಆಗಾಗ ತೋರಿಸಿ ತಿದ್ಕೊಳ್ಳೋ ಪದ್ಧತಿ) ಬೇಕು ಅಂತ ಬೆಂಗಳೂರಿಂದ ಎರಡು ದಿನದ ಟ್ರೈನಿಂಗ್ ಕರೆಸ್ತಾ ಇದಾರೆ, ಅದು ಸಾಕಾ ಅಂತ. ನಾನೂ ಮಡಿಕೇರೀಲಿ ಇದೇ ತರದ ಟೀಮಲ್ಲಿ ಕೆಲಸ ಮಾಡೋದು, ನನಗೆ ಗೊತ್ತಿರೋದನ್ನ ಹೇಳ್ತೀನಿ.

ಟ್ರೈನಿಂಗ್ ಆಮೇಲೆ ಇಟ್ಕೊಳ್ಳಿ. ಮೊದ್ಲು ಯಾವ ಕೆಲಸ ಮುಂದೆ, ಯಾವುದು ಹಿಂದೆ ಅಂತ ತೀರ್ಮಾನ ಮಾಡೋಕೆ ಒಬ್ರನ್ನ ಕೂರಿಸಿ. ಅಗೈಲ್ ಮಾಡೋ ಒಂದು ರೀತಿಗೆ ಸ್ಕ್ರಮ್ ಅಂತಾರೆ, ಅದರ ನಿಯಮ ಬರೆದಿರೋ ಸ್ಕ್ರಮ್ ಗೈಡಲ್ಲೇ ಇದೆ, ಈ ತೀರ್ಮಾನ ಮಾಡೋ ಪ್ರಾಡಕ್ಟ್ ಓನರ್ ಅಂದ್ರೆ ಒಬ್ಬರೇ, ಕಮಿಟಿ ಅಲ್ಲ. ನಮ್ಮ ಕಡೆ ಏನಾಗುತ್ತೆ ಅಂದ್ರೆ ಕಂಪನಿ ಓನರ್ ಒಂದು ಹೇಳಿರ್ತಾರೆ, ಸೇಲ್ಸ್‌ನವರು ಸೋಮವಾರಪೇಟೆ ಕಡೆ ತೋಟದವರಿಗೆ ಇನ್ನೊಂದು ಮಾತು ಕೊಟ್ಟು ಬಂದಿರ್ತಾರೆ, ಇದರ ಮಧ್ಯೆ ಯಾರೋ ಪ್ಲಾಂಟರ್ ಸೀದಾ ಡೆವಲಪರ್ ಹುಡುಗನಿಗೇ ಫೋನ್ ಮಾಡಿ ಇದೊಂದು ಮಾಡ್ಕೊಡು ಮಾರಾಯ ಅಂತಾರೆ, ಊರಿನವ್ರು, ಪರಿಚಯದವ್ರು, ಇಲ್ಲ ಅನ್ನೋಕೆ ಆಗಲ್ಲ. ಇದು ನಿಲ್ಲದೆ ಸ್ಪ್ರಿಂಟು (ನಿಗದಿ ದಿನದ ಕೆಲಸದ ಸುತ್ತು, ಇಲ್ಲಿ ಎರಡು ವಾರ), ಸ್ಟ್ಯಾಂಡಪ್ಪು (ದಿನಾ ಮಾಡೋ ಚಿಕ್ಕ ಮೀಟಿಂಗ್) ಏನೇ ತಂದ್ರೂ ಪ್ರಯೋಜನ ಇಲ್ಲ. ಎಲ್ಲಾ ಬೇಡಿಕೆ ಒಬ್ಬರ ಹತ್ರಾನೇ ಹೋಗ್ಬೇಕು, ಅವರು ಒಂದೇ ಪಟ್ಟೀಲಿ ಮೇಲಿಂದ ಕೆಳಗೆ ಬರೆದಿಡ್ಬೇಕು, ಓನರ್‌ಗೆ ಬದಲಾವಣೆ ಬೇಕಿದ್ರೆ ಆ ಪಟ್ಟಿ ಮುಂದೆ ಕೂತು ಅವರ ಜೊತೆ ಮಾತಾಡ್ಲಿ.

ಇನ್ನು ಪ್ಲಾನಿಂಗ್. ನಿಮ್ಮ ಪ್ರಾಡಕ್ಟ್‌ಗೆ ಒಂದು ದೊಡ್ಡ ಅನುಕೂಲ ಇದೆ, ತಾರೀಖು ನೀವು ಹಾಕೋದಲ್ಲ, ಕಾಫಿ ಹಾಕುತ್ತೆ. ಅರೇಬಿಕಾ ಕುಯ್ಲು ನವೆಂಬರ್ ಹೊತ್ತಿಗೆ ಶುರು, ರೋಬಸ್ಟಾ ಅದರ ಹಿಂದೆ ಡಿಸೆಂಬರ್ ಜನವರಿ, ಫೆಬ್ರವರಿ ಮಾರ್ಚಲ್ಲಿ ಹೂಮಳೆ (ಕಾಫಿ ಹೂ ಬಿಡಿಸೋ ಮಳೆ) ಲೆಕ್ಕ ಇಂಚು ಸೆಂಟ್ಸಲ್ಲಿ (ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಭಾಗ) ಬರ್ಕೋಬೇಕು. ನವೆಂಬರಲ್ಲಿ ಬೇಕಾಗಿದ್ದು ಜನವರೀಲಿ ಕೊಟ್ರೆ ಅರೇಬಿಕಾ ತೋಟದವರಿಗೆ ಆ ವರ್ಷ ಅದು ಕೊಡದೇ ಇದ್ದ ಹಾಗೇನೇ. ಅಂದ್ರೆ ದಿನ ಗಟ್ಟಿ, ಎಷ್ಟು ಕೆಲಸ ಹಿಡಿಸುತ್ತೆ ಅನ್ನೋದು ಹಿಗ್ಗಬೇಕು ಕುಗ್ಗಬೇಕು. ಅಗೈಲ್ ಪ್ಲಾನಿಂಗಿನ ಜೀವಾಳ ಇದೇ ಅಂತ ನಾನು ನಂಬಿದೀನಿ, ಆದ್ರೆ ತುಂಬಾ ಕಂಪನಿಗಳು ಇದನ್ನ ಉಲ್ಟಾ ಮಾಡಿ, ಮಾಡ್ಬೇಕಾದ ಪಟ್ಟಿ ಪೂರ್ತಿ ಗಟ್ಟಿ ಮಾಡ್ಕೊಂಡು ದಿನ ಮುಂದಕ್ಕೆ ಹಾಕ್ತಾ ಹೋಗ್ತಾರೆ.

ಉದಾಹರಣೆಗೆ ‘ಕುಯ್ಲು ಮಾಡ್ಯೂಲ್’ ಅಂತ ಒಂದೇ ಚೀಟಿ ಬರೀಬೇಡಿ. ಮೊದಲ ಎರಡು ವಾರ ಬರೀ ಇಷ್ಟು: ಯಾರು, ಎಷ್ಟು ಕೆಜಿ. ಮುಂದಿನದ್ರಲ್ಲಿ ಕೆಜಿಗೆ ರೇಟು, ಅದಾದ್ಮೇಲೆ ವಾರದ ಬಟವಾಡೆ, ಪ್ರಿಂಟು ಗ್ರಾಫು ಎಲ್ಲಾ ಕೊನೇಗೆ, ಟೈಮ್ ಇದ್ರೆ. ಮತ್ತೆ ಪ್ರತಿ ಎರಡು ವಾರಕ್ಕೆ ಆಗಿರೋದನ್ನ ಆಫೀಸ್ ಪ್ರೊಜೆಕ್ಟರಲ್ಲಿ ತೋರಿಸಿ ಮುಗಿಸ್ಬೇಡಿ, ತೋಟಕ್ಕೇ ತಗೊಂಡು ಹೋಗಿ. ನಮ್ಮ ತೂಕದ ಸ್ಕ್ರೀನ್ ಮೊದಲ ಸಲ ತೋಟದ ಲೆಕ್ಕ ಬರೆಯೋ ರೈಟರ್ ಕೈಗೆ ಕೊಟ್ಟಾಗ ಸಂಜೆ ತೂಕದ ಹೊತ್ತು, ಚೀಲ ಇಟ್ಕೊಂಡು ಜನ ಸಾಲಾಗಿ ನಿಂತಿದ್ರು, ಅವರು ಎಡಗೈಲಿ ಪುಸ್ತಕ ಹಿಡ್ಕೊಂಡು ಬಲಗೈಲಿ ಒಂದೊಂದೇ ಅಕ್ಷರ ಒತ್ತಿ ಹೆಸರು ಹುಡುಕ್ತಿದ್ರು, ಅಷ್ಟರಲ್ಲಿ ಮೇಸ್ತ್ರಿ ಮುಂದಿನ ಚೀಲ ತಕ್ಕಡಿಗೆ ಇಟ್ಟಾಗಿತ್ತು. ರೈಟರ್ ಹೇಳಿದ್ದು, ‘ಹೆಸರು ಬೇಡ ಸರ್, ಚೆಕ್‌ರೋಲ್ ನಂಬರ್ ಒತ್ತಿದ್ರೆ ಹೆಸರು ತಾನೇ ಬರ್ಲಿ, ಆಮೇಲೆ ಚೀಲದ ತೂಕ ಕಳೀಬೇಕಲ್ಲ, ಅದೆಲ್ಲಿ?’ ಚೆಕ್‌ರೋಲ್ ಅಂದ್ರೆ ಕೆಲಸಗಾರರ ಹಾಜರಿ ಪಟ್ಟಿ. ಚೀಲದ ತೂಕ ನಮ್ಮ ಯಾರ ಡಾಕ್ಯುಮೆಂಟಲ್ಲೂ ಇರ್ಲಿಲ್ಲ. ತೋಟದ ಆ ಮೂಲೇಲಿ ನೆಟ್‌ವರ್ಕೂ ಇರ್ಲಿಲ್ಲ, ಸೋ ಆಫ್‌ಲೈನ್ ಅನ್ನೋದು ಪಟ್ಟಿಯ ತಳದಿಂದ ಆವತ್ತೇ ಮೇಲೆ ಬಂತು. 2001ರ ಫೆಬ್ರವರೀಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಅಗೈಲ್ ಮ್ಯಾನಿಫೆಸ್ಟೋ (ಅಗೈಲಿನ ಮೂಲ ಘೋಷಣೆ) ಬರೆದ್ರಲ್ಲ, ಅದರಲ್ಲಿ ರಾಶಿ ದಾಖಲೆಗಿಂತ ನಡೆಯೋ ಸಾಫ್ಟ್‌ವೇರ್ ಮೇಲು ಅಂತ ಇರೋದು ಇದಕ್ಕೇ.

ಗೋಡೆಗೆ ಒಂದು ಬೋರ್ಡ್ ಹಾಕಿ, ಮೂರು ಕಾಲಂ ಸಾಕು: ಮಾಡ್ಬೇಕು, ಮಾಡ್ತಿದೀವಿ, ಮುಗೀತು. ನಡುವಿನ ಕಾಲಮ್ಮಲ್ಲಿ ಇಷ್ಟೇ ಚೀಟಿ ಅಂತ ಮಿತಿ ಇರ್ಲಿ, ಒಂಬತ್ತು ಜನಕ್ಕೆ ನಾಲ್ಕೋ ಐದೋ, ಅದು ತುಂಬಿದ್ರೆ ಹೊಸದು ಹಿಡಿಯೋ ಬದಲು ಪಕ್ಕದವರದ್ದು ಮುಗಿಸೋಕೆ ಕೈ ಜೋಡಿಸ್ಬೇಕು. ಮಳೆಗಾಲದಲ್ಲಿ ಕರೆಂಟು ನೆಟ್ಟು ಎರಡೂ ಹೋದಾಗ್ಲೂ ಕಾಗದದ ಬೋರ್ಡ್ ಕಣ್ಮುಂದೆ ಇರುತ್ತೆ, ಮನೇಲಿರೋರಿಗೆ ಒಂದು ಫೋಟೋ ಕಳಿಸಿದ್ರಾಯ್ತು. ಪಾಯಿಂಟ್ಸ್ (ಕೆಲಸ ಎಷ್ಟು ದೊಡ್ಡದು ಅಂತ ಕೊಡೋ ಅಂಕ), ವೆಲಾಸಿಟಿ (ಒಂದು ಸ್ಪ್ರಿಂಟಲ್ಲಿ ಮುಗಿಸಿದ ಅಂಕ) ಲೆಕ್ಕ ಸದ್ಯಕ್ಕೆ ಬಿಡಿ, ಕೆಲಸ ಎರಡು ಮೂರು ದಿನದಲ್ಲಿ ಮುಗಿಯೋ ಹಾಗೆ ಕತ್ತರಿಸೋದನ್ನ ಕಲೀರಿ. ಪಾಯಿಂಟ್ಸ್ ನೋಡಿ ಯಾರು ಜಾಣ ಯಾರು ದಡ್ಡ ಅಂತ ಅಳೆಯೋಕೆ ಮಾತ್ರ ಯಾವತ್ತೂ ಬಿಡ್ಬೇಡಿ.

ಸ್ಟ್ಯಾಂಡಪ್ 15 ನಿಮಿಷ, ಅದು ಓನರ್‌ಗೆ ವರದಿ ಒಪ್ಪಿಸೋಕಲ್ಲ, ಇವತ್ತು ಯಾರು ಯಾರ ಜೊತೆ ಕೂರ್ಬೇಕು ಅಂತ ನೋಡ್ಕೊಳ್ಳೋಕೆ.

ರೆಟ್ರೋ (ಒಂದು ಸುತ್ತು ಮುಗಿದ್ಮೇಲೆ ಏನು ಸರಿ ಹೋಯ್ತು, ಏನು ತಪ್ಪಾಯ್ತು ಅಂತ ಕೂತು ನೋಡೋ ಮೀಟಿಂಗ್) ಬಗ್ಗೆ ಒಂದು ಮಾತು. ನಮ್ಮಲ್ಲಿ ದೊಡ್ಡವರು, ಸೀನಿಯರ್‌ಗಳು ಎದುರಿಗಿದ್ರೆ ಚಿಕ್ಕವರು ಬಾಯಿ ಬಿಡಲ್ಲ, ಎಲ್ಲಾ ಚೆನ್ನಾಗಿದೆ ಸರ್ ಅಂತ ಎದ್ದು ಹೋಗ್ತಾರೆ, ಹಂಗಾಗಿ ಮಾತಿಗೆ ಮೊದ್ಲು ಎಲ್ಲರೂ ಸುಮ್ಮನೆ ಹೆಸರಿಲ್ಲದೆ ಚೀಟೀಲಿ ಬರೀಲಿ, ಒಬ್ಬರು ಎಲ್ಲಾ ಓದ್ಲಿ, ಓನರ್ ಮೊದಮೊದಲ ಸಲ ಹೊರಗೇ ಇರ್ಲಿ. ಬಂದಿದ್ರಲ್ಲಿ ಒಂದೇ ಒಂದನ್ನ ಆರಿಸಿ ಮುಂದಿನ ಎರಡು ವಾರದಲ್ಲಿ ಸರಿ ಮಾಡಿ. ಹತ್ತು ಬರೆದು ಒಂದೂ ಮಾಡ್ಲಿಲ್ಲ ಅಂದ್ರೆ ಮುಂದಿನ ಸಲ ಯಾರೂ ಬರೆಯಲ್ಲ.

ಕುಯ್ಲಿಗೆ ಮುಂಚೆ ಇಂತಾ ನಾಲ್ಕೈದು ಸುತ್ತು ಆದ್ರೆ ಆಮೇಲೆ ಟ್ರೈನಿಂಗ್ ಕರೆಸಿ, ಆಗ ನಿಮ್ಮ ಹುಡುಗ್ರ ಹತ್ರ ಕೇಳೋಕೆ ನಿಜವಾದ ಪ್ರಶ್ನೆ ಇರುತ್ತೆ. ಅಂದಹಾಗೆ ತೋಟದವರ ಸಪೋರ್ಟ್ ಕಾಲ್ ನಿಮ್ಮಲ್ಲಿ ಯಾರು ತಗೋತಾರೆ ಅಂತ ಬರೆದಿಲ್ಲ ನೀವು, ಡೆವಲಪರ್‌ಗಳೇ ತಗೊಳ್ಳೋದಾದ್ರೆ ಸ್ಪ್ರಿಂಟಲ್ಲಿ ಅದಕ್ಕೂ ಜಾಗ ಬಿಡ್ಬೇಕಾಗುತ್ತೆ, ಅದನ್ನ ತಿಳಿಸಿ, ಇದಕ್ಕೇ ಸೇರಿಸಿ ಬರೀತೀನಿ.