ಅಕೌಂಟ್ ಅಳಿಸಬೇಡಿ, ಆ್ಯಪ್ ಮಾಡಿಸಬೇಡಿ, ಮೊದಲು ಸ್ವಂತ ವಿಳಾಸ ಮಾಡಿಕೊಳ್ಳಿ

ಸಿಂಧನೂರಿನಿಂದ ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ವಿಡಿಯೊ ಹಾಕ್ತೀರಿ, ರೀಚ್ ಬಿದ್ದಿದೆ, ನೋಡುವವರು ಕಮ್ಮಿಯಾಗಿದ್ದಾರೆ, ಎಲ್ಲ ಅಕೌಂಟ್ ಅಳಿಸಿ ಅರವತ್ತು ಸಾವಿರ ಕೊಟ್ಟು ಸ್ವಂತ ಆ್ಯಪ್ ಮಾಡಿಸಲಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನ್ನ ಹಳೇ ಪ್ಯಾಟರ್ನ್ ಕವರ್ ಕಣ್ಣಮುಂದೆ ಬಂತು.

ನಾನು ಬಳ್ಳಾರಿಯಲ್ಲಿ ಬ್ಲೌಸ್ ಕಟಿಂಗ್ ಕಲಿಸುತ್ತೇನೆ. 28ರಿಂದ 44ರವರೆಗೆ ಒಂಬತ್ತು ಸೈಜು, ಮುಂಭಾಗ, ಹಿಂಭಾಗ, ತೋಳು, ಪಟ್ಟಿ ಎಲ್ಲ ಕಂದು ಹಾಳೆಯಲ್ಲಿ ಕತ್ತರಿಸಿ ಕವರಿಗೆ ಹಾಕಿ ಮಾರುತ್ತೇನೆ. ಕವರ್ ಮೇಲೆ ಒಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಹೊಲಿಗೆ ವಿಡಿಯೊ ಬರಬೇಕು. ನಾಲ್ಕು ಸಾವಿರ ಕವರ್ ಅಚ್ಚು ಹಾಕಿಸಿದೆ. ಆ ಕೋಡಿನೊಳಗೆ ಇದ್ದದ್ದು ನನ್ನ ಸೋಶಿಯಲ್ ಮೀಡಿಯಾ ಪೇಜಿನ ನೇರ ಲಿಂಕ್. ತಪ್ಪು ಅದೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಈಗಲೂ ಇದನ್ನೇ ಮಾಡುತ್ತಿದ್ದಾರೆ. ಕ್ಯೂಆರ್ ಕೋಡ್ ಅಂದರೆ ಲಿಂಕಿನ ಒಂದೊಂದು ಅಕ್ಷರವನ್ನೂ ಕಪ್ಪು ಬಿಳಿ ಚೌಕಗಳಲ್ಲಿ ಬರೆದಿಟ್ಟದ್ದು. ಅಚ್ಚಾದ ಮೇಲೆ ಒಂದಕ್ಷರವೂ ತಿದ್ದಲು ಬರುವುದಿಲ್ಲ. ಮೂಲೆ ಮಾಸಿದರೆ, ಎಣ್ಣೆ ಬಿದ್ದರೆ ತಡೆದುಕೊಳ್ಳುತ್ತದೆ: ತಡೆಯುವ ಶಕ್ತಿ ಅತಿ ಹೆಚ್ಚಿರುವ ಎಚ್ ಮಟ್ಟದ ಕೋಡು ಸುಮಾರು ಶೇ 30ರಷ್ಟು ಹಾಳಾದರೂ ಓದಿಸಿಕೊಳ್ಳುತ್ತದೆ. ಆದರೆ ಒಳಗಿರುವ ವಿಳಾಸವೇ ಸತ್ತರೆ ಎಷ್ಟು ಚಂದ ಅಚ್ಚಾಗಿದ್ದರೂ ಉಪಯೋಗವಿಲ್ಲ. ಒಂದು ರೀಲ್ ನಾಲ್ಕು ದಿನ ಓಡುತ್ತದೆ. ಪ್ಯಾಟರ್ನ್ ಹಾಗಲ್ಲ, ಮಿಷಿನ್ ಪಕ್ಕದ ಮೊಳೆಗೆ ವರ್ಷಾನುಗಟ್ಟಲೆ ತೂಗುತ್ತಿರುತ್ತದೆ. ಅಷ್ಟು ವರ್ಷ ಬಾಳುವ ಕವರಿಗೆ ನನ್ನ ಕೈಯಲ್ಲಿಲ್ಲದ ವಿಳಾಸ ಅಂಟಿಸಿದ್ದೆ. ಒಂದು ಬೆಳಿಗ್ಗೆ ಪೇಜ್ ನಿಂತಿತ್ತು. ಮನವಿ ಹಾಕಿದೆ, ಉತ್ತರ ಬರಲಿಲ್ಲ, ಹೊಸ ಪೇಜ್ ತೆರೆದೆ. ಕಂಪ್ಲಿ, ಸಿರುಗುಪ್ಪ, ಕುರುಗೋಡಿನ ಮನೆಗಳಲ್ಲಿ ತೂಗುತ್ತಿದ್ದ ಕವರುಗಳು ಮಾತ್ರ ಹಳೇ ಪೇಜನ್ನೇ ಹುಡುಕುತ್ತಿದ್ದವು. ಆ ಅಕ್ಕಂದಿರಿಗೆ ತಿಳಿಸೋಣವೆಂದರೆ ಒಬ್ಬರ ನಂಬರೂ ನನ್ನ ಹತ್ತಿರ ಇರಲಿಲ್ಲ.

ಪೇಜಿನ ಹೆಸರು ನೀವೇ ಬದಲಿಸಿದರೂ ಹಳೇ ಲಿಂಕು ಹೀಗೆಯೇ ಸಾಯಬಹುದು. ಸರ್ಕಾರ ಮುಚ್ಚಿಸಿದರೂ ಅಷ್ಟೇ: 2020ರ ಜೂನ್ 29ರಂದು 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್‌ನಲ್ಲಿದ್ದ ನಮ್ಮ ಕಡೆಯ ಹುಡುಗ ಹುಡುಗಿಯರ ಯಾವ ತಪ್ಪೂ ಇರಲಿಲ್ಲ.

ಹಾಗಂತ ಅಕೌಂಟ್ ಅಳಿಸುವುದನ್ನು ನಾನು ಒಪ್ಪುವುದಿಲ್ಲ. ಹೊಸಬರು ನಿಮ್ಮನ್ನು ನೋಡುವುದು ಅಲ್ಲೇ. ಲಾವಣಿಗೆ ಹಿಡಿದ ಹೊಲದಲ್ಲಿ ಬೆಳೆ ತೆಗೀರಿ, ಬೋರ್ ಕೊರೆಸಬೇಡಿ, ಅಷ್ಟೇ ನಾನು ಹೇಳುವುದು. ಆ್ಯಪ್ ಅಂತೂ ಬೇಡವೇ ಬೇಡ. ಪ್ಲೇ ಸ್ಟೋರಿಗೆ 25 ಡಾಲರ್ ಕಟ್ಟಬೇಕು, ಹೊಸ ವೈಯಕ್ತಿಕ ಖಾತೆಯಾದರೆ 12 ಜನರಿಂದ 14 ದಿನ ಬಿಡದೆ ಪರೀಕ್ಷೆ ಮಾಡಿಸಬೇಕು, ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ಮತ್ತೆ ಮತ್ತೆ ತಿದ್ದಿಸಬೇಕು. ಮಾಡಿಕೊಟ್ಟವರು ಫೋನ್ ಎತ್ತದಿದ್ದರೆ ಅಲ್ಲಿಗೆ ಮುಗಿಯಿತು. ಪ್ಲೇ ಸ್ಟೋರೂ ಇನ್ನೊಬ್ಬರ ಅಂಗಡಿಯೇ. ಮೇಲಾಗಿ ಮೆಮೊರಿ ತುಂಬಿದ ಫೋನಿನಲ್ಲಿ ನಿಮ್ಮ ಆ್ಯಪಿಗಾಗಿ ಮಗುವಿನ ಫೋಟೊ ಅಳಿಸುವವರು ಯಾರೂ ಇಲ್ಲ.

ಅದರ ಬದಲು ಒಂದು ಡೊಮೇನ್, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮದೇ ಹೆಸರಿನ ವಿಳಾಸ, ಕೊಳ್ಳಿ. ಡಾಟ್ ಇನ್ ಸಾಮಾನ್ಯವಾಗಿ ವರ್ಷಕ್ಕೆ ಸಾವಿರದೊಳಗೆ ಸಿಗುತ್ತದೆ. ಮೊದಲ ವರ್ಷದ ರಿಯಾಯಿತಿ ನೋಡಬೇಡಿ, ನವೀಕರಣದ ದರ ನೋಡಿ. ಹೆಸರು ಫೋನಲ್ಲಿ ಹೇಳಿದರೆ ಬರೆದುಕೊಳ್ಳುವಂತಿರಬೇಕು. ‘ಹೊಲಿಗೆ’ ಅನ್ನುವುದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಥರ ಬರೆಯುತ್ತಾರೆ. ಶ-ಸ, ಳ-ಲ, ದೀರ್ಘ-ಹ್ರಸ್ವದ ಗೊಂದಲ ಇರುವ ಹೆಸರು ಬಿಡಿ. ಕಡ್ಡಾಯವಾಗಿ ನಿಮ್ಮ ಇಮೇಲ್, ನಿಮ್ಮ ನಂಬರಿನಲ್ಲೇ ನೋಂದಾಯಿಸಿ. ವೆಬ್‌ಸೈಟ್ ಮಾಡಿಕೊಡುವ ಹುಡುಗನ ಹೆಸರಲ್ಲಿ ತೆಗೆದರೆ ಅದು ಅವನದೇ. ಓಟಿಪಿ ಬರುವ ಸಿಮ್ ರೀಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದರೆ ಆ ನಂಬರ್ ಬೇರೆಯವರ ಪಾಲಾಗಬಹುದು, ಅದರ ಮೇಲೆ ನಿಗಾ ಇರಲಿ.

ಇನ್ನು ಮುಂದೆ ಕವರ್, ವಿಸಿಟಿಂಗ್ ಕಾರ್ಡ್, ಬ್ಲೌಸಿನ ಟ್ಯಾಗ್, ಎಲ್ಲದರ ಮೇಲೂ ಆ ಡೊಮೇನ್ ಮಾತ್ರ ಅಚ್ಚಾಗಲಿ. ನಿಮ್ಮ ಡೊಮೇನ್ ಆದ ಮೇಲೆ ಒಂದು ಓರೆ ಗೀಟು (/), ಆಮೇಲೆ ಅಂಕಿ: 1 ಅಂದರೆ ಚೈನ್ ಹೊಲಿಗೆ, 2 ಅಂದರೆ ಜರ್ದೋಸಿ. ಆ ವಿಳಾಸ ತೆರೆದವರನ್ನು ಸದ್ಯ ವಿಡಿಯೊ ಎಲ್ಲಿದೆಯೋ ಅಲ್ಲಿಗೆ ತಿರುಗಿಸಬೇಕು. ಇದಕ್ಕೆ ರೀಡೈರೆಕ್ಟ್ ಅನ್ನುತ್ತಾರೆ. ಸೆಟ್ಟಿಂಗ್‌ನಲ್ಲಿ 301, 302 ಎಂದು ಎರಡು ಬಗೆ ಇರುತ್ತವೆ. 302 ಆರಿಸಿ. 301 ಅಂದರೆ ‘ಕಾಯಂ’ ಎಂದರ್ಥ. ಅದನ್ನು ಫೋನಿನ ಬ್ರೌಸರ್ ನೆನಪಿಟ್ಟುಕೊಂಡು, ನೀವು ಬದಲಿಸಿದ ಮೇಲೂ ಹಳೇ ಜಾಗಕ್ಕೇ ಹೋಗಬಹುದು. ನಾಳೆ ಪೇಜ್ ಹೋದರೆ ಒಂದು ಸಾಲು ಬದಲಿಸಿದರಾಯಿತು, ಅಚ್ಚಾದ ಕೋಡುಗಳು ಹಾಗೇ ಕೆಲಸ ಮಾಡುತ್ತವೆ. ‘ಆಮೇಲೆ ಲಿಂಕ್ ಬದಲಿಸಬಹುದು’ ಎಂದು ಪುಕ್ಕಟೆ ಕೋಡು ಕೊಡುವ ಜಾಲತಾಣಗಳನ್ನು ನಂಬಬೇಡಿ. ಅಲ್ಲಿ ಕೋಡಿನೊಳಗೆ ಇರುವುದು ಅವರ ವಿಳಾಸ. ಅವರು ನಿಲ್ಲಿಸಿದ ದಿನ ನಿಮ್ಮದೂ ನಿಂತಿತು.

ಡೊಮೇನಿನ ಮೊದಲ ಪುಟ ಹಗುರವಾಗಿರಲಿ: ಒಂದು ಫೋಟೊ, ದರಪಟ್ಟಿ, ಫೋನ್ ನಂಬರ್. ವಿಡಿಯೊ ಯೂಟ್ಯೂಬಿನಲ್ಲೇ ಇರಲಿ, ಅಸಲು ಫೈಲು ಮಾತ್ರ ಎರಡು ಹಾರ್ಡ್ ಡಿಸ್ಕಿನಲ್ಲಿ, ಎರಡು ಬೇರೆ ಮನೆಯಲ್ಲಿ ಇಡಿ. ಎಡಿಟಿಂಗನ್ನು ರೀಲ್ ಆ್ಯಪಿನೊಳಗೆ ಮಾಡಬೇಡಿ. ಅಲ್ಲಿ ಸಿಗುವ ಹಾಡಿನ ಅನುಮತಿ ಅಲ್ಲಿಗಷ್ಟೇ. ಅದೇ ವಿಡಿಯೊ ಬೇರೆ ಕಡೆ ಹಾಕಿದರೆ ಹಕ್ಕುಸ್ವಾಮ್ಯದ ದೂರು ಬರಬಹುದು.

ಇನ್ನು ನಂಬರುಗಳ ಪಟ್ಟಿ. ಇಮೇಲ್ ಸಂಗ್ರಹಿಸಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಹೊಲಿಗೆಯವರಿಗೆ ಅದು ಆಗುವ ಮಾತಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಹಳ ಮನೆಗಳಲ್ಲಿ ಇಮೇಲ್ ಮಾಡಿಕೊಟ್ಟವನು ಮೊಬೈಲ್ ಅಂಗಡಿಯವನು, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಫೋನ್ ನಂಬರೇ ಸರಿ. ವಾಟ್ಸ್ಆ್ಯಪ್ ಚಾನೆಲ್ ಸಾಲದು, ಅಲ್ಲಿ ಹಿಂಬಾಲಿಸುವವರ ನಂಬರ್ ನಿಮಗೆ ಸಿಗುವುದಿಲ್ಲ. ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೂರೂ ಮೆಟಾ ಕಂಪನಿಯವು ಅನ್ನುವುದೂ ನೆನಪಿರಲಿ. ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಸಂದೇಶವನ್ನು ಒಟ್ಟಿಗೆ ಹಲವರಿಗೆ ಕಳಿಸುವ ವಾಟ್ಸ್ಆ್ಯಪ್ ಸೌಲಭ್ಯ) 256 ಜನರ ಮಿತಿ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ‘ಕಳಿಸಿದೆ, ಯಾರೂ ನೋಡಲಿಲ್ಲ’ ಅನ್ನುವವರ ತೊಂದರೆ ಬಹಳ ಸಲ ಇದೇ. ಆದ್ದರಿಂದ ಕೌಂಟರಿನಲ್ಲೇ, ‘ಅಕ್ಕಾ, ಈ ನಂಬರ್ ಈಗಲೇ ಸೇವ್ ಮಾಡ್ಕೊಳ್ರಿ’ ಅಂತ ಹೇಳಿ, ಅವರು ಮಾಡುವವರೆಗೂ ಎದುರಿಗೇ ನಿಲ್ಲಿ.

ಒಂದು ಉದ್ದ ನೋಟ್‌ಬುಕ್ ಇಡಿ: ಹೆಸರು, ಊರು, ನಂಬರ್, ಏನು ಕೊಂಡರು, ಸಂದೇಶ ಕಳಿಸಲು ಒಪ್ಪಿದರಾ. ಕೊನೆಯ ಕಾಲಂ ಬಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ಒಪ್ಪಿಗೆ. ಗಂಡನ ನಂಬರಾದರೆ ‘ಮನೆಯವರದು’ ಅಂತ ಬರೆದು, ಸಂದೇಶದ ಮೊದಲಲ್ಲೇ ಅಕ್ಕನ ಹೆಸರು ಹಾಕಿ. ವಾರಕ್ಕೊಮ್ಮೆ ಸ್ಪ್ರೆಡ್‌ಶೀಟಿಗೆ ಏರಿಸಿ. ಸಾವಿರಾರು ಜನಕ್ಕೆ ಎಸ್ಎಂಎಸ್ ಕಳಿಸುವುದಾದರೆ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಣಿ, ಸಂದೇಶದ ಮಾದರಿಗೆ ಮೊದಲೇ ಮಂಜೂರಾತಿ ಬೇಕು. ಈಗಲೇ ಆ ಗೊಡವೆ ಬೇಡ.

ಅಚ್ಚಿಗೆ ಕೊಡುವಾಗ ಕೋಡು ಎರಡು ಸೆಂಟಿಮೀಟರಿಗಿಂತ ಚಿಕ್ಕದಿರಬಾರದು, ಸುತ್ತ ನಾಲ್ಕು ಚೌಕದಷ್ಟು ಖಾಲಿ ಜಾಗ ಬೇಕು. ಕಂದು ಹಾಳೆ ಮೇಲೆ ನೇರ ಅಚ್ಚು ಹಾಕಿಸಬೇಡಿ, ಬಿಳಿ ಸ್ಟಿಕ್ಕರ್ ಅಂಟಿಸಿ. ವಿಳಾಸ ಚಿಕ್ಕದಾದಷ್ಟೂ ಚೌಕಗಳು ದಪ್ಪ, ಹಳೇ ಕ್ಯಾಮೆರಾಗೂ ಬೇಗ ಸಿಗುತ್ತವೆ. ಕೆಳಗೆ ಅದೇ ವಿಳಾಸ ಅಕ್ಷರದಲ್ಲೂ, ನಂಬರೂ ಇರಲಿ. ಮೊದಲು ಒಂದೇ ಒಂದು ಸ್ಟಿಕ್ಕರ್ ತೆಗೆಸಿ, ಮನೆಯಲ್ಲಿರುವ ಅತಿ ಹಳೇ ಫೋನಿನಿಂದ, ಸಂಜೆ ಮಿಷಿನ್ ದೀಪದ ಬೆಳಕಿನಲ್ಲಿ ಸ್ಕ್ಯಾನ್ ಮಾಡಿ ನೋಡಿ. ತೆರೆದರೆ ಮಾತ್ರ ಪ್ರೆಸ್ಸಿಗೆ ಫೋನ್ ಮಾಡಿ.